ಅಂಚೆ ಮತ್ತು ತಂತಿ ಒಂದೇ ಇಲಾಖೆಯಾಗಿದ್ದ ಕಾಲ: ದುರ್ಗ, ದಾವಣಗೆರೆಯ ಹಿರಿಯರು ಬರೆಯಬೇಕು

ಕೋಟೆಬದಿಯವನು (ಚಿತ್ರದುರ್ಗ) ಬರೆದದ್ದು:

ಎಲ್ಲರಿಗೂ ನಮಸ್ಕಾರ. ಅಟ್ಟದ ಮೇಲಿದ್ದ ಅಮ್ಮನ ಟ್ರಂಕನ್ನು ಹೋದ ವಾರ ಕೆಳಗಿಳಿಸಿದೆವು. ಸೀರೆಗಳ ಅಡಿಯಲ್ಲಿ ಮೂರು ಕಾಗದದ ಕಟ್ಟುಗಳಿದ್ದವು. ಮೊದಲನೆಯದು ತಾತನದು. ಚಳ್ಳಕೆರೆಯ ಕಡೆ ಟಪಾಲು ಚೀಲ ಹೊತ್ತು ಓಡುವ ರನ್ನರ್ ಆಗಿ ಅವರನ್ನು ನೇಮಿಸಿಕೊಂಡ ಆದೇಶ. ಎರಡನೆಯದು ದಾವಣಗೆರೆಯಲ್ಲಿ ತಂತಿ, ಅಂದರೆ ಟೆಲಿಗ್ರಾಂ, ಕಳುಹಿಸುವ ಕೆಲಸದಲ್ಲಿದ್ದ ಅಪ್ಪನ ಸೇವಾ ಪುಸ್ತಕ. ಮೂರನೆಯದು ನನ್ನದೇ, 1983ರಲ್ಲಿ ಟೆಲಿಫೋನ್ ವಿಭಾಗದ ತರಬೇತಿಗೆ ಹಾಜರಾಗಲು ಬಂದ ಪತ್ರ. ಮೂರು ತಲೆಮಾರು, ಮೂರು ಬಗೆಯ ದುಡಿಮೆ. ಆದರೆ ಮೂರು ಕಾಗದಗಳ ನೆತ್ತಿಯ ಮೇಲೂ ಒಂದೇ ಹೆಸರು: ಭಾರತೀಯ ಅಂಚೆ ಮತ್ತು ತಂತಿ ಇಲಾಖೆ.

ಮೊಮ್ಮಗಳು ಅವನ್ನು ತಿರುವಿ ಹಾಕಿ, "ಅಜ್ಜ, ಪೋಸ್ಟ್ ಆಫೀಸಿಗೂ ಫೋನಿಗೂ ಏನು ಸಂಬಂಧ?" ಎಂದು ಕೇಳಿದಳು. ಆಮೇಲೆ ಯೋಚಿಸಿದಾಗ ಅವಳ ಪ್ರಶ್ನೆ ಸಹಜವೆನಿಸಿತು. ಅಂಚೆಯವರು ತಮ್ಮ ಚರಿತ್ರೆಯನ್ನು ಬರೆದುಕೊಂಡಿದ್ದಾರೆ, ದೂರಸಂಪರ್ಕದವರು ತಮ್ಮದನ್ನು. ಎರಡೂ ಒಂದೇ ಸೂರಿನಡಿ ಇದ್ದ 1914ರಿಂದ 1985ರವರೆಗಿನ 71 ವರ್ಷಗಳಿಗೆ ಮಾತ್ರ ವಾರಸುದಾರರೇ ಇಲ್ಲ. ನನ್ನ ತಾತ, ಅಪ್ಪ ಬದುಕಿದ್ದು ಆ ಸೂರಿನಡಿಯೇ. ಅದಕ್ಕಾಗಿ ಈ ಚರ್ಚೆಯನ್ನು ತೆರೆಯುತ್ತಿದ್ದೇನೆ.

ನನಗೆ ತಿಳಿದಷ್ಟನ್ನು ಮೊದಲು ಹೇಳುತ್ತೇನೆ. ನಮ್ಮ ದೇಶದಲ್ಲಿ ಪ್ರಾಯೋಗಿಕ ತಂತಿ ಮಾರ್ಗ ಬಂದದ್ದು 1850ರಲ್ಲಿ, ಕಲ್ಕತ್ತದಿಂದ ಡೈಮಂಡ್ ಹಾರ್ಬರ್‌ವರೆಗೆ. ಅದನ್ನು ಎಳೆಸಿದ ವಿಲಿಯಂ ಓಶಾನೆಸ್ಸಿ ವೃತ್ತಿಯಲ್ಲಿ ವೈದ್ಯ. ಕಲ್ಕತ್ತದ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು. 1853ರ ನವೆಂಬರ್‌ನಲ್ಲಿ ಶುರುವಾದ ದೊಡ್ಡ ಕೆಲಸದಲ್ಲಿ ಸುಮಾರು 4,000 ಮೈಲಿ ತಂತಿಯನ್ನು ಎಳೆಯಲಾಯಿತು. ಪೇಶಾವರ, ಆಗ್ರಾ, ಮುಂಬಯಿ, ಮದ್ರಾಸು, ಜೊತೆಗೆ ನಮ್ಮ ಬೆಂಗಳೂರು, ಆಚೆ ಊಟಿ ಎಲ್ಲವೂ ಅದಕ್ಕೆ ಸೇರಿದವು. 1854ರಲ್ಲಿ ತಂತಿ ಸಾರ್ವಜನಿಕರಿಗೂ ಸಿಕ್ಕಿತು. ಅದೇ ವರ್ಷದ ಅಕ್ಟೋಬರ್ 1ರಂದು ದೇಶಕ್ಕೆಲ್ಲ ಒಂದೇ ಅಂಚೆ ದರ, ಒಂದೇ ಬಗೆಯ ಅಂಚೆ ಚೀಟಿ ಜಾರಿಗೆ ಬಂತು. ಅರ್ಧ ಆಣೆಯ ಚೀಟಿ ಹಚ್ಚಿದ ಹಗುರ ಕಾಗದ ಇಲ್ಲೇ ಪಕ್ಕದ ಊರಿಗೂ ಹೋಗುತ್ತಿತ್ತು, ನೂರಾರು ಮೈಲಿ ಆಚೆಗೂ ಅದೇ ದರದಲ್ಲಿ ಹೋಗುತ್ತಿತ್ತು. ಎರಡು ಇಲಾಖೆಗಳೂ ಬೇರೆ ಬೇರೆಯಾಗಿ ಬೆಳೆದು, 1914ರಲ್ಲಿ ಒಬ್ಬರೇ ಮಹಾನಿರ್ದೇಶಕರ ಅಧೀನಕ್ಕೆ ಬಂದವು.

ಇಲ್ಲಿಂದ ಮುಂದೆ ನಮ್ಮ ಜಿಲ್ಲೆಯ ಕಥೆ ಬೇಕು. ಯಾರ ಮನೆಯಲ್ಲಿ ಏನಿದೆಯೋ ದಯವಿಟ್ಟು ಬರೆಯಿರಿ.

ಅಂಚೆಚೀಟಿ ಸಂಗ್ರಾಹಕಿ (ದಾವಣಗೆರೆ) ಬರೆದದ್ದು:

ಹಿರಿಯರೇ, ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ನಾನು ಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ಹಳೆಯ ಲಕೋಟೆಗಳನ್ನು ಕೂಡಿಡುವುದು ನನ್ನ ಹವ್ಯಾಸ. ನೀವು ಕಥೆಯನ್ನು ಕಲ್ಕತ್ತದಿಂದ ಆರಂಭಿಸಿದಿರಿ. ನಮ್ಮ ಜಿಲ್ಲೆಯ ಮಟ್ಟಿಗೆ ಅದು ಮೈಸೂರಿನಿಂದ ಆರಂಭವಾಗಬೇಕು ಎಂಬುದು ನನ್ನ ಅನಿಸಿಕೆ.

ಚಿತ್ರದುರ್ಗ ಮೈಸೂರು ಸಂಸ್ಥಾನದ ಜಿಲ್ಲೆ. ಸಂಸ್ಥಾನಕ್ಕೆ ಹದಿನೇಳನೆಯ ಶತಮಾನದಿಂದ, ಚಿಕ್ಕದೇವರಾಜ ಒಡೆಯರ ಕಾಲದಿಂದ, ತನ್ನದೇ ಅಂಚೆ ಇತ್ತು. ಅದು ಕಾಗದ ಸಾಗಿಸುವುದರ ಜೊತೆಗೆ ಊರೂರಿನ ಸುದ್ದಿಯನ್ನು ಅರಮನೆಗೆ ಮುಟ್ಟಿಸುವ ಏರ್ಪಾಡೂ ಆಗಿತ್ತು. ಹೈದರ್, ಟಿಪ್ಪು ಅದನ್ನು ಉಳಿಸಿಕೊಂಡರು. 1889ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ವ್ಯವಸ್ಥೆ ಹೋಯಿತು, ಹೆಸರು ಉಳಿಯಿತು. ಇಂದಿಗೂ ನಾವು 'ಅಂಚೆ' ಎನ್ನುತ್ತೇವೆ. ತಿರುವಾಂಕೂರಿನವರು ತಮ್ಮದನ್ನು 'ಅಂಚಲ್' ಎಂದರು, ತಮಿಳಿನಲ್ಲಿ 'ಅಂಜಲ್'. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ ಎಂದೂ ಅರ್ಥವಿದೆ. ದಮಯಂತಿಯ ಬಳಿಗೆ ನಳನ ಸಂದೇಶ ಒಯ್ದ ಹಂಸವನ್ನು ಹೇಳಿಯೇ ನಾನು ಮಕ್ಕಳಿಗೆ ಈ ಪಾಠವನ್ನು ಶುರು ಮಾಡುವುದು. ಪದದ ಮೂಲ ಬೇರೆಯಿದ್ದರೂ ಮಕ್ಕಳಿಗೆ ಪದ ಮರೆಯುವುದಿಲ್ಲ.

ನಮ್ಮ ಸೀಮೆ ಗಡಿಸೀಮೆಯಾಗಿತ್ತು ಎಂಬುದನ್ನೂ ನೆನಪಿಡಬೇಕು. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯ. ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದು. ಮಾತಿನಲ್ಲಿ ಇಂದಿಗೂ ಆ ಗಡಿ ಇದೆ: ಹೊಳೆಯ ಆಚೆ 'ಟಪಾಲು', ಈಚೆ 'ಅಂಚೆ', ದಾವಣಗೆರೆಯ ಮಂಡಿಯಲ್ಲಿ ಎರಡೂ.

ಇನ್ನೊಂದು ದಾಖಲೆ ಎಲ್ಲರ ಮನೆಯಲ್ಲೂ ಇದೆ: ಪಿನ್‌ಕೋಡ್. 1972ರ ಆಗಸ್ಟ್ 15ರಂದು ಇದೇ ಅಂಚೆ ಮತ್ತು ತಂತಿ ಇಲಾಖೆ ಅದನ್ನು ಜಾರಿಗೆ ತಂದಿತು. ಶ್ರೀರಾಮ ಭಿಕಾಜಿ ವೇಲಣಕರ ಅವರು ರೂಪಿಸಿದ್ದು. ದಾವಣಗೆರೆ 577001, ಚಿತ್ರದುರ್ಗ 577501, ಜಗಳೂರು 577528. ಆದರೆ ಹೊನ್ನಾಳಿ 577217, ಚನ್ನಗಿರಿ 577213, ಎರಡೂ ಶಿವಮೊಗ್ಗದ ಸಾಲಿನವು. ಹರಪನಹಳ್ಳಿಯಂತೂ 583131, ಬಳ್ಳಾರಿಯ ಸಾಲು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಮೂರು ಜಿಲ್ಲೆಗಳಿಂದ ತಾಲ್ಲೂಕುಗಳನ್ನು ಕೂಡಿಸಿದರು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ವಿಧಾನಸೌಧದಲ್ಲಿ ನಕ್ಷೆ ಎಷ್ಟು ಸಲ ಬದಲಾದರೂ ಲಕೋಟೆಯ ಮೇಲಿನ ಆರು ಅಂಕಿಗಳಲ್ಲಿ 1972ರ ಜಿಲ್ಲೆಗಳು ಹಾಗೆಯೇ ಕುಳಿತಿವೆ.

ಮಂಡಿಪೇಟೆಯ ಮೊಮ್ಮಗ (ದಾವಣಗೆರೆ) ಬರೆದದ್ದು:

ಮೇಡಂ, ಪಿನ್‌ಕೋಡಿನ ವಿಷಯ ಓದಿ ರೋಮಾಂಚನವಾಯಿತು. ಹೊನ್ನಾಳಿಗೆ ಪಾರ್ಸೆಲ್ ಕಳುಹಿಸುವಾಗಲೆಲ್ಲ ನನಗೆ ಈ ಗೊಂದಲವಿತ್ತು.

ನಮ್ಮದು ಹತ್ತಿ ವ್ಯಾಪಾರದ ಮನೆತನ. ದಾವಣಗೆರೆಯಲ್ಲಿ ಗಿರಣಿಗಳ ಸೈರನ್ ಕೇಳಿ ಜನ ಗಡಿಯಾರ ತಿದ್ದಿಕೊಳ್ಳುತ್ತಿದ್ದ ಕಾಲದಲ್ಲಿ ನಮ್ಮ ಅಜ್ಜನ ಅಂಗಡಿ ನಡೆಯುತ್ತಿದ್ದುದೇ ತಂತಿಯ ಮೇಲೆ. ಮುಂಬಯಿಯ ಧಾರಣೆ ಬೆಳಿಗ್ಗೆ ತಂತಿಯಲ್ಲಿ ಬರಬೇಕು, ಆಮೇಲೆ ಇಲ್ಲಿ ಹರಾಜಿನ ಸವಾಲು. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು. ಹಾಗಾಗಿ ಅಜ್ಜ ಮತ್ತು ಅವರ ಮುಂಬಯಿಯ ದಲಾಲರು ಸೇರಿ ಗುಟ್ಟಿನ ಪದಗಳ ಒಂದು ಪುಸ್ತಕ ಮಾಡಿಕೊಂಡಿದ್ದರು. 'ಮಾವು' ಎಂದರೆ ಕೂಡಲೇ ಮಾರು, 'ಬೇವು' ಎಂದರೆ ತಡೆ ಹಿಡಿ, 'ಹುಣಸೆ' ಎಂದರೆ ಪಾರ್ಟಿಯ ಮೇಲೆ ನಂಬಿಕೆ ಇಲ್ಲ. ಇದರಿಂದ ಹಣವೂ ಉಳಿಯುತ್ತಿತ್ತು, ತಂತಿ ಓದಿದವರಿಗೆ ವ್ಯಾಪಾರದ ಮರ್ಮವೂ ತಿಳಿಯುತ್ತಿರಲಿಲ್ಲ.

ಅಂಗಡಿಯ ಹಳೆಯ ಬಿಲ್ ಪುಸ್ತಕದ ಮೇಲ್ಭಾಗದಲ್ಲಿ 'ತಂತಿ:' ಎಂದು ಒಂದೇ ಪದದ ವಿಳಾಸ ಅಚ್ಚಾಗಿದೆ. ವರ್ಷಕ್ಕಿಷ್ಟು ಶುಲ್ಕ ಕಟ್ಟಿ ಅದನ್ನು ನೋಂದಾಯಿಸಿಕೊಂಡರೆ ಅಂಗಡಿಯ ಹೆಸರು, ಬೀದಿ, ಪೇಟೆ ಯಾವುದನ್ನೂ ಬರೆಯಬೇಕಾಗಿರಲಿಲ್ಲ. ಆ ಒಂದು ಪದ, ಮುಂದೆ ಊರಿನ ಹೆಸರು, ಅಷ್ಟು ಸಾಕು. ನನ್ನ ಅಪ್ಪ ಈಗಲೂ ಹೊಸ ಬಿಲ್ ಪುಸ್ತಕ ಮುದ್ರಿಸುವಾಗ ಆ ಪದವನ್ನು ತೆಗೆಯಲು ಬಿಡುವುದಿಲ್ಲ.

ಜಗಳೂರು ಸೀಮೆಯ ಅಂಚೆಯಣ್ಣ ಬರೆದದ್ದು:

ಎಲ್ಲರೂ ಪೇಟೆಯ ಕಥೆ ಹೇಳುತ್ತಿದ್ದೀರಿ. ನಾನು ಹಳ್ಳಿಯವನು, ಶಾಖಾ ಅಂಚೆ ಕಚೇರಿಯಲ್ಲಿ ಗ್ರಾಮೀಣ ಡಾಕ್ ಸೇವಕ. ನನ್ನ ದೊಡ್ಡಪ್ಪ ಶಾಲಾ ಮಾಸ್ತರರಾಗಿದ್ದುಕೊಂಡೇ ಪೋಸ್ಟ್‌ಮಾಸ್ಟರ್ ಕೂಡ ಆಗಿದ್ದವರು. ಆಗ ಅದನ್ನು 'ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್' ಎನ್ನುತ್ತಿದ್ದರು, ಇಲಾಖೆಯ ಹೊರಗಿನವನು ಎಂದು ಅರ್ಥ. ಊರಿನಲ್ಲಿ ಓದುಬರಹ ಬಲ್ಲ ಮಾಸ್ತರನಿಗೋ ಅಂಗಡಿಯವನಿಗೋ ಸ್ವಲ್ಪ ಭತ್ಯೆ ಕೊಟ್ಟು ಅಂಚೆ ಪೆಟ್ಟಿಗೆ, ತಾರೀಖು ಮುದ್ರೆ, ತಕ್ಕಡಿ ಒಪ್ಪಿಸುವುದು ಬ್ರಿಟಿಷರ ಕಾಲದ ಪದ್ಧತಿ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಇದ್ದ ಅಂಚೆ ಕಚೇರಿಗಳು 23,344. ಇಂದು ಒಂದೂವರೆ ಲಕ್ಷಕ್ಕೂ ಮಿಗಿಲು. ಈ ಬೆಳವಣಿಗೆಯ ಬಹುಪಾಲನ್ನು ಹೆಗಲ ಮೇಲೆ ಹೊತ್ತವರು 'ಹೊರಗಿನವರು'. ಇಲಾಖೆಯ ಚರಿತ್ರೆ ಬರೆಯುವವರು ಇದನ್ನು ಮೊದಲ ಪುಟದಲ್ಲಿ ಬರೆಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಪತ್ರ ಓದಿ ಹೇಳುವುದೂ ಬರೆದು ಕೊಡುವುದೂ ದೊಡ್ಡಪ್ಪನ ಕೆಲಸವೇ. 'ತೀರ್ಥರೂಪ ಸಮಾನರಾದ' ಎಂದು ಆರಂಭ, 'ಉಭಯ ಕುಶಲೋಪರಿ ಸಾಂಪ್ರತ' ಎಂದು ಮುಂದುವರಿಕೆ. ಶುಭದ ಕಾರ್ಡಿನ ಮೂಲೆಗೆ ಅರಿಸಿನ. ತಂತಿ ಬಂತೆಂದರೆ ಮಾತ್ರ ಬೇರೆಯೇ ಮಾತು. ಕೆಂಪು ಸೈಕಲ್ಲು ಹೊತ್ತಲ್ಲದ ಹೊತ್ತಿನಲ್ಲಿ ಓಣಿಗೆ ತಿರುಗಿದರೆ ಹೆಂಗಸರು ಒಡೆದು ಓದುವ ಮೊದಲೇ ಅಳಲು ಶುರು ಮಾಡುತ್ತಿದ್ದರು. ಮಗ ಪರೀಕ್ಷೆಯಲ್ಲಿ ಪಾಸಾದ ತಂತಿಯೂ ಆಗಿರಬಹುದಿತ್ತು! ಅದಕ್ಕೇ ದೊಡ್ಡಪ್ಪ ದೂರದಿಂದಲೇ ಕೂಗುತ್ತಿದ್ದರಂತೆ: "ಶುಭ ತಂತಿ, ಶುಭ ತಂತಿ!" ಅವರು ಕೂಗದೆ ಮೌನವಾಗಿ ಬಂದರೆ ಓಣಿಯೇ ಬಾಗಿಲಿಗೆ ಬರುತ್ತಿತ್ತು.

ಕೋಟೆಬದಿಯವನು ಬರೆದದ್ದು:

ಅಂಚೆಯಣ್ಣ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನನ್ನ ತಾತನ ಆದೇಶದಲ್ಲೂ ಅಂಥದೇ ಒಂದು ಸಾಲಿದೆ, ಕೆಲಸ ಕಾಯಂ ಅಲ್ಲ ಎಂದು. ಅವರು ಕಾಯಂ ಆಗಿ ಓಡಿದರು.

ಅಪ್ಪನ ಬಗ್ಗೆ ಒಂದಿಷ್ಟು. ಚುಕ್ಕಿ, ಗೆರೆಗಳ ಸಂಕೇತದಲ್ಲಿ ಸಂದೇಶ ಬಡಿಯುವ ಮೋರ್ಸ್ ಕೀ ಮತ್ತು ಬರುವ ಸಂಕೇತದ ಸದ್ದು ಕೇಳಿಸುವ ಸೌಂಡರ್ ಇದ್ದ ಮೇಜು ಅವರದು. ಬರುವ ಸಂದೇಶವನ್ನು ಕಿವಿಯಿಂದ ಕೇಳುತ್ತಲೇ ಬಲಗೈಯಿಂದ ಫಾರಂ ಮೇಲೆ ಬರೆಯುತ್ತಿದ್ದರು. ಶುಭಾಶಯಗಳಿಗೆ ಅಂಕಿಗಳಿದ್ದವು. 8 ಎಂದು ಬರೆದರೆ ಸಾಕು, ದೀರ್ಘ ಸುಖದ ದಾಂಪತ್ಯ ಹಾರೈಸುವ ಇಡೀ ವಾಕ್ಯ ಆಚೆ ತುದಿಯಲ್ಲಿ ಮೂಡುತ್ತಿತ್ತು. ಮದುವೆಯ ಮುಹೂರ್ತಗಳು ಜೋರಾಗಿರುವ ದಿನ ಅಪ್ಪ ಮನೆಗೆ ಬಂದು, "ಇವತ್ತು ಬರೀ ಎಂಟು" ಎನ್ನುತ್ತಿದ್ದರು.

ಚಿಕ್ಕ ಊರುಗಳಲ್ಲಿ ಅಂಚೆಯ ಗುಮಾಸ್ತರೇ ಮೋರ್ಸ್ ಕಲಿತು ತಂತಿಯನ್ನೂ ನೋಡಿಕೊಳ್ಳುತ್ತಿದ್ದರು. ಅದಕ್ಕೊಂದು ಚಿಕ್ಕ ಭತ್ಯೆ. ಒಂದೇ ಕಿಟಕಿಯಲ್ಲಿ ಕಾರ್ಡು, ಮನಿ ಆರ್ಡರು, ಉಳಿತಾಯ ಖಾತೆ, ತಂತಿ, ಟ್ರಂಕ್ ಕಾಲ್. ಒಂದೇ ಇಲಾಖೆ ಎಂದರೆ ಹಳ್ಳಿಯವನಿಗೆ ಅರ್ಥವಾಗುತ್ತಿದ್ದುದು ಅದು. 1985ರ ಜನವರಿಯಲ್ಲಿ ಅಂಚೆ ಇಲಾಖೆ, ದೂರಸಂಪರ್ಕ ಇಲಾಖೆ ಎಂದು ಎರಡಾದಾಗ ಆ ಗುಮಾಸ್ತ ಒಂದು ಕಡೆಗೆ ಸೇರಿದ, ಅವನ ಮುಂದಿದ್ದ ಯಂತ್ರ ಇನ್ನೊಂದು ಕಡೆಗೆ. ಆ ಒಡಕು ತಪ್ಪಾಯಿತು ಎಂದೇ ನಾನು ಇಂದಿಗೂ ನಂಬಿದ್ದೇನೆ.

ಲೆಕ್ಕದ ಮೇಜು (ದಾವಣಗೆರೆ) ಬರೆದದ್ದು:

ಸರ್, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ಒಪ್ಪಲಾರೆ ಎನ್ನುತ್ತೇನೆ. ನಾನು ಲೆಕ್ಕಪತ್ರ ವಿಭಾಗದಲ್ಲಿದ್ದವನು.

ಎಂಬತ್ತರ ದಶಕದ ಆರಂಭದಲ್ಲಿ ದೇಶದಲ್ಲಿ ಇದ್ದ ಟೆಲಿಫೋನ್‌ಗಳು ಸುಮಾರು 20 ಲಕ್ಷ. 1981ರ ಜನಗಣತಿಯಲ್ಲಿ ಜನಸಂಖ್ಯೆ 68 ಕೋಟಿ. ಮುನ್ನೂರಕ್ಕೂ ಹೆಚ್ಚು ಜನರಿಗೆ ಒಂದು ಫೋನು! ಅದರಲ್ಲೂ ಹೆಚ್ಚಿನವು ನಗರಗಳಲ್ಲಿ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. 'ಓವೈಟಿ' (ಓನ್ ಯುವರ್ ಟೆಲಿಫೋನ್) ಎಂದು ಮುಂಗಡ ದುಡ್ಡು ಕಟ್ಟಿದವರೂ ಕಾಯುತ್ತಿದ್ದರು. ಅಂಚೆ ಕೈಗಳನ್ನು ನಂಬಿದ ಕೆಲಸ. ಅದರ ವೆಚ್ಚದಲ್ಲಿ ಸಂಬಳದ್ದೇ ದೊಡ್ಡ ಪಾಲು, ಮತ್ತು ಆಗಿನ ಹದಿನೈದು ಪೈಸೆಯ ಕಾರ್ಡನ್ನು ನಷ್ಟವಾದರೂ ಮಾರಲೇಬೇಕಿತ್ತು, ಮಾರಬೇಕಾದದ್ದೂ ಸರಿ. ಟೆಲಿಫೋನು ಬಂಡವಾಳವನ್ನು ನುಂಗುವ ಕೆಲಸ. ಕೇಬಲ್, ಎಕ್ಸ್‌ಚೇಂಜ್, ಟವರ್ ಎಲ್ಲಕ್ಕೂ ಮೊದಲೇ ಹಣ ಬೇಕು. ಫೋನಿನ ಲಾಭ ಅಂಚೆಯ ನಷ್ಟ ತುಂಬಲು ಹೋದರೆ ಹೊಸ ಫೋನು ಬರುವುದು ಎಲ್ಲಿಂದ? ಬೇರೆಯಾದ ಮೇಲೆಯೇ, 1986ರಲ್ಲಿ, ದೆಹಲಿ ಮತ್ತು ಮುಂಬಯಿಗೆ ಎಂಟಿಎನ್‌ಎಲ್ ಎಂಬ ಸರ್ಕಾರಿ ಟೆಲಿಫೋನ್ ಕಂಪನಿ ಬಂದು ಬಾಂಡ್‌ಗಳ ಮೂಲಕ ಹಣ ಎತ್ತಲು ಸಾಧ್ಯವಾಯಿತು.

ಹಳ್ಳಿಯ ಮಾತೂ ಬಂತು. 1984ರಲ್ಲಿ ಟೆಲಿಫೋನ್ ತಂತ್ರಜ್ಞಾನ ರೂಪಿಸುವ ಸರ್ಕಾರಿ ಸಂಸ್ಥೆ ಸಿ-ಡಾಟ್ ಹುಟ್ಟಿತು. ಅದು ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ, 1986ರಲ್ಲಿ. ಹವಾನಿಯಂತ್ರಣ ಬೇಡ, ದೂಳು ಬಿಸಿಲು ತಡೆಯುತ್ತದೆ, 128 ಲೈನುಗಳ ಸಾಮರ್ಥ್ಯ. ಭರಮಸಾಗರದಂಥ, ಸಿರಿಗೆರೆಯಂಥ ಊರುಗಳಿಗೆ ಬೇಕಾಗಿದ್ದುದು ಅಂಥ ಯಂತ್ರ. ಆಮೇಲೆ ಮೂಲೆಮೂಲೆಗೆ ಎಸ್‌ಟಿಡಿ ಬೂತುಗಳ ಹಳದಿ ಫಲಕ ಬಂದವು. ಎಷ್ಟೋ ಅಂಗವಿಕಲರು ಅದರಿಂದ ಸಂಸಾರ ನಡೆಸಿದರು. ಒಂದೇ ಸೂರಿನಡಿ ಇದ್ದಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ.

ಕೋಟೆಬದಿಯವನು ಬರೆದದ್ದು:

ನಿಮ್ಮ ಲೆಕ್ಕ ತಪ್ಪು ಎನ್ನುವುದಿಲ್ಲ. ಆ ಎಕ್ಸ್‌ಚೇಂಜ್‌ಗಳನ್ನು ಕೂರಿಸಿದವರಲ್ಲಿ ನಾನೂ ಒಬ್ಬ. ಹಳ್ಳಿಯಲ್ಲಿ ಮೊದಲ ಸಲ ಡಯಲ್ ಟೋನ್ ಬಂದಾಗ ಜನ ರಿಸೀವರನ್ನು ಒಬ್ಬರ ಕಿವಿಯಿಂದ ಒಬ್ಬರ ಕಿವಿಗೆ ದಾಟಿಸಿದ್ದನ್ನು ಕಂಡಿದ್ದೇನೆ. ಸಾಯುವವರೆಗೂ ಆ ದಿನ ಮರೆಯುವುದಿಲ್ಲ.

ಆದರೆ ದುಡ್ಡಿನ ಖಾತೆಗಳನ್ನು ಬೇರೆ ಮಾಡಲು ಕಿಟಕಿಯನ್ನೂ ಬೇರೆ ಮಾಡಬೇಕಾಗಿತ್ತೇ? ಅಷ್ಟೇ ನನ್ನ ಪ್ರಶ್ನೆ. ಹಳ್ಳಿಹಳ್ಳಿಯಲ್ಲೂ ಅಂಚೆಯ ಮನೆ ಇತ್ತು, ನಂಬಿಕೆಯ ಮನುಷ್ಯ ಇದ್ದ. ದೂರಸಂಪರ್ಕದವರು ಅದೇ ಊರುಗಳಲ್ಲಿ ಮತ್ತೆ ಹೊಸದಾಗಿ ಕೋಣೆ ಹುಡುಕಿದರು. 2000ದ ಅಕ್ಟೋಬರ್ 1ರಂದು ನಾವು ಬಿಎಸ್‌ಎನ್‌ಎಲ್ ಆದೆವು. ಅದಕ್ಕೆ ಮೊದಲು ಸೆಪ್ಟೆಂಬರ್‌ನಲ್ಲಿ ನಡೆದ ಮುಷ್ಕರದಲ್ಲಿ ನಾನೂ ಇದ್ದೆ, ಪಿಂಚಣಿ ಸರ್ಕಾರವೇ ಕೊಡಬೇಕೆಂದು. ಅದು ಸಿಕ್ಕಿತು. ಆದರೆ ಸರ್ಕಾರಿ ನೌಕರನಾಗಿ ಸೇರಿದವನು ನಿಗಮದ ನೌಕರನಾದೆ. 2020ರಲ್ಲಿ ಸುಮಾರು 78 ಸಾವಿರ ಜನ ಒಂದೇ ದಿನ ಸ್ವಯಂ ನಿವೃತ್ತಿ ಪಡೆದು ಹೊರಬಂದೆವು. ಯಾವ ಕಂಬ ಯಾವ ಹೊಲದ ಬದುವಿನಲ್ಲಿದೆ, ಕೇಬಲ್‌ನ ಗಂಟು ಯಾವ ಬೇವಿನ ಮರದ ಬುಡದಲ್ಲಿದೆ ಎಂಬುದು ಆ ದಿನ ನಮ್ಮ ಜೊತೆಗೇ ಹೊರಬಂತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಲೆಕ್ಕದ ಮೇಜು ಬರೆದದ್ದು:

ಕಿಟಕಿಯ ವಿಷಯದಲ್ಲಿ ನೀವು ಹೇಳುವುದು ಸರಿ. ಆ ಬಾಬತ್ತಿನ ಲೆಕ್ಕವನ್ನು ನಾವು ಹಾಕಲೇ ಇಲ್ಲ.

ಅಂಚೆಚೀಟಿ ಸಂಗ್ರಾಹಕಿ ಬರೆದದ್ದು:

ಇಬ್ಬರ ಮಾತನ್ನೂ ಓದಿದೆ. ಒಂದು ಸಂಗತಿ ಸೇರಿಸುತ್ತೇನೆ. ನಮ್ಮಲ್ಲಿ ಅತಿ ಹೆಚ್ಚು ತಂತಿಗಳು ಓಡಾಡಿದ ವರ್ಷ 1985 ಎಂದು ಹೇಳಲಾಗುತ್ತದೆ: ಸುಮಾರು 45 ಸಾವಿರ ಕಚೇರಿಗಳಿಂದ 6 ಕೋಟಿ ತಂತಿ. ಇಲಾಖೆ ಒಡೆದ ವರ್ಷವೇ ತಂತಿಯ ತುಂಬು ಹರೆಯ. 2013ರ ಜುಲೈ 14ರ ರಾತ್ರಿ ಕೊನೆಯ ತಂತಿಗಳನ್ನು ಸ್ವೀಕರಿಸುವ ಹೊತ್ತಿಗೆ ದೇಶದಲ್ಲಿ ಉಳಿದಿದ್ದ ತಂತಿ ಕಚೇರಿಗಳು 75. ಈಗ ಆ ಕಾಲದ ಕಾಯಿದೆಗಳೂ ಹೋದವು. 1885ರ ತಂತಿ ಕಾಯಿದೆ, 1898ರ ಅಂಚೆ ಕಾಯಿದೆ ಎರಡರ ಜಾಗಕ್ಕೂ 2023ರಲ್ಲಿ ಹೊಸ ಕಾಯಿದೆ ಬಂತು.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಕಚೇರಿಯಲ್ಲಿ ಹಳೆಯ ರಿಜಿಸ್ಟರ್‌ಗಳನ್ನು ತೂಕಕ್ಕೆ ಹಾಕಿದ್ದನ್ನು ನಾನೇ ನೋಡಿದೆ. ಕೇಳಿದಾಗ ಅವಧಿ ಮುಗಿದ ಕಾಗದ ಎಂದರು. ನಿಯಮ ಅವರ ಪರ ಇತ್ತು. ನಾನು ಗುಜರಿಯವನಿಂದ ನಾಲ್ಕು ಪುಸ್ತಕ ಕೊಂಡು ತಂದೆ. ಒಂದರಲ್ಲಿ ದಿನವಹಿ ತಂತಿಗಳ ಲೆಕ್ಕವಿದೆ. ನಿಮ್ಮ ತಂದೆಯವರ ಕೈಬರಹ ಇದ್ದರೂ ಇರಬಹುದು, ಹಿರಿಯರೇ. ಪುಟಗಳ ಚಿತ್ರ ಕಳುಹಿಸುತ್ತೇನೆ.

ಹಾನಗಲ್ಲಿನ ಹಾದಿ (ಮೊಳಕಾಲ್ಮೂರು) ಬರೆದದ್ದು:

ನಾನು ಕಾಲೇಜು ವಿದ್ಯಾರ್ಥಿ. ಚಿಕ್ಕವನಾದರೂ ಒಂದು ಮಾತು. ಸರ್ಕಾರದ ಸಂದೇಶ ಎಂದರೆ ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯನ್ನು ಬಿಡುವುದು ಹೇಗೆ? ಅಲ್ಲಿನ ಅಶೋಕನ ಶಾಸನ ಆರಂಭವಾಗುವುದೇ ಕಾಗದದಂತೆ: ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು), ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಹೇಳುವುದೇನೆಂದರೆ, ಎಂದು. ನಮ್ಮ ಅಜ್ಜಂದಿರ 'ಉಭಯ ಕುಶಲೋಪರಿ'ಯೇ! ಕೆತ್ತಿದ ಲಿಪಿಕಾರ ಚಪಡ ತನ್ನ ಹೆಸರನ್ನೂ ಹಾಕಿದ್ದಾನೆ. 'ಲಿಪಿಕಾರ' ಎಂಬ ಪದವನ್ನು ಮಾತ್ರ ಬ್ರಾಹ್ಮಿ ಬಿಟ್ಟು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡುವವರೆಗೆ ಆ ಕೆಲಸಗಾರನ ಹೆಸರು ಬಂಡೆಯ ಮೇಲೆ ಕಾದಿತ್ತು. ಚೀಲ ಹೊತ್ತ ನಿಮ್ಮ ತಾತನ ಹೆಸರೂ ಎಲ್ಲಾದರೂ ಬರೆದಿಡಬೇಕು ಅಜ್ಜ.

ಕೋಟೆಬದಿಯವನು ಬರೆದದ್ದು:

ಬರೆದಿಡುತ್ತೇನೆ ಮಗು. ಮೇಡಂ ಕಳುಹಿಸಿದ ಪುಟಗಳೂ ಬಂದವು. ಹನ್ನೊಂದನೆಯ ಪುಟದ ಬರಹ ಅಪ್ಪನದೇ. ಅವರು ಏಳನ್ನು ಅಡ್ಡಗೆರೆ ಹಾಕಿ ಬರೆಯುತ್ತಿದ್ದರು.

ನಿನ್ನೆ ದಾವಣಗೆರೆಗೆ ಹೋಗಿ, ಅಪ್ಪನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರನ್ನು ಕಂಡು ಬಂದೆ. ತೊಂಬತ್ತು ದಾಟಿದ್ದಾರೆ. ಕಿವಿ ಪೂರ್ತಿ ಮಂದ, ಮಾತು ಕಡಿಮೆ. ಆ ಪುಟವನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. ಹೊರಡುವಾಗ ಬಲಗೈಯ ಬೆರಳನ್ನು ಮೇಜಿನ ಮೇಲೆ ಒತ್ತಿ ಬಿಡತೊಡಗಿದರು: ತುಸು ಹೊತ್ತು ಒತ್ತಿದರು, ಆಮೇಲೆ ತಟ್ಟನೆ ಒತ್ತಿ ಎತ್ತಿದರು, ಮತ್ತೆ ತುಸು ಹೊತ್ತು ಒತ್ತಿದರು. ಇದನ್ನೇ ಮೂರು ಸಲ ಮಾಡಿ ನನ್ನ ಮುಖ ನೋಡಿದರು. ನಾನು ಟೆಲಿಫೋನಿನವನು, ಮೋರ್ಸ್ ಕಲಿಯಲಿಲ್ಲ. ಯಾರಾದರೂ ಹೇಳಬಲ್ಲಿರಾ?

ಜಗಳೂರು ಸೀಮೆಯ ಅಂಚೆಯಣ್ಣ ಬರೆದದ್ದು:

ದೊಡ್ಡಪ್ಪನ ಹಳೆಯ ಕೈಪಿಡಿ ತೆಗೆದು ನೋಡಿದೆ ಅಣ್ಣ. ಗೆರೆ, ಚುಕ್ಕಿ, ಗೆರೆ. ಅದು ಇಂಗ್ಲಿಷಿನ 'ಕೆ' ಅಕ್ಷರ. ಕೊನೆಯಲ್ಲಿ ಅದೊಂದನ್ನೇ ಬಡಿದರೆ, ನನ್ನದು ಮುಗಿಯಿತು, ಇನ್ನು ನೀವು ಕಳುಹಿಸಿ ಎಂದು ಅರ್ಥ.

ಕೋಟೆಬದಿಯವನು ಬರೆದದ್ದು:

ಭಾನುವಾರ ಮತ್ತೆ ಹೋಗುತ್ತೇನೆ. ಅಪ್ಪನ ಸೇವಾ ಪುಸ್ತಕ ಒಯ್ಯುತ್ತೇನೆ, ಮೊಮ್ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ಅಂಚೆಯಣ್ಣ, ಆ ಕೈಪಿಡಿಯ ಅಕ್ಷರಗಳ ಪುಟವನ್ನು ಶನಿವಾರದೊಳಗೆ ಕಳುಹಿಸಲು ಸಾಧ್ಯವೇ?